ಹೆಬ್ಬೆರಳು ಗಾತ್ರದ ಗಾಬ್ಲಿನ್

1980ರ ದಶಕದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಸಿಟಡೆಲ್ ಮಿನಿಯೇಚರ್ಸ್ ಕಂಪನಿ ಸೀಸ, ತವರ ಬೆರೆಸಿ ಎರಕ ಹೊಯ್ದ ಪುಟಾಣಿ ಗೊಂಬೆಗಳಿವು. 1983ರಲ್ಲಿ ಬಂದ ‘ವಾರ್‌ಹ್ಯಾಮರ್’ ಆಟದ ಸೈನಿಕರು. ಕೆವ್ ಆಡಮ್ಸ್ ರೂಪಿಸಿದ, ಕುಚೇಷ್ಟೆಯ ಕುಳ್ಳ ಪಿಶಾಚಿಗಳಾದ ಗಾಬ್ಲಿನ್‌ಗಳನ್ನೇ ನೋಡಿ: ಒಂದೊಂದರ ಮುಖದಲ್ಲೂ ಬೇರೆಯದೇ ಕುಹಕ.

ಹಳೆಯ ಗೊಂಬೆ ಸಿಕ್ಕರೆ ಹವ್ಯಾಸಿಗಳು ಮೊದಲು ಹಿಂದಿನವರು ಬಳಿದ ದಪ್ಪ ಬಣ್ಣವನ್ನು ಕರಗಿಸಿ ತೆಗೆಯುತ್ತಾರೆ. ಮುಚ್ಚಿಹೋಗಿದ್ದ ಹಲ್ಲು, ಮೂಗಿನ ಮೇಲಿನ ನರೂಲಿ ಮತ್ತೆ ಎದ್ದು ಕಾಣುತ್ತವೆ. ಬಳಿಕ ಪ್ರೈಮರ್ ಎಂಬ ತಳಬಣ್ಣ ಬಳಿದು, ಅದು ಒಣಗಿದ ಮೇಲೆ ಹಸಿರು. ಅದರ ಮೇಲೆ ತೆಳ್ಳನೆಯ ಕಡುಗಂದು ಹರಿಸಿದರೆ ಅದು ಸುಕ್ಕುಗಳಲ್ಲಿ ಇಳಿದು ನಿಂತು ನೆರಳಾಗುತ್ತದೆ. ಆಮೇಲೆ ಕುಂಚವನ್ನು ಬಟ್ಟೆಗೆ ಒರೆಸಿ, ಅದರಲ್ಲಿ ಉಳಿದ ತಿಳಿಬಣ್ಣವನ್ನು ಉಬ್ಬುಗಳ ಮೇಲಷ್ಟೇ ಸವರುತ್ತಾರೆ.

ಕಣ್ಣು ಬರೆಯುವಾಗಲೇ ನಿಜವಾದ ಪರೀಕ್ಷೆ. ಉಸಿರು ಬಿಗಿಹಿಡಿದು, ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಒತ್ತಿ, ಕುಂಚದ ತುದಿಯಿಂದ ಒಂದೇ ಚುಕ್ಕೆ. ಕೂದಲೆಳೆಯಷ್ಟು ಜರುಗಿದರೂ ಮೆಳ್ಳಗಣ್ಣು! ಗಾಬ್ಲಿನ್‌ಗೆ ಅದೂ ಒಪ್ಪುತ್ತದೆನ್ನಿ.