ಮ್ಯಾಮತ್ ಪ್ರೋಟೀನಿನಲ್ಲಿ ಮದ್ದು: ಸಾಬೀತಾದದ್ದು ಎಷ್ಟು?

ಅಳಿದುಹೋದ ಪ್ರಾಣಿಗಳ ಪ್ರೋಟೀನುಗಳಲ್ಲಿ ಹೊಸ ಪ್ರತಿಜೈವಿಕಗಳು ಸಿಗಬಹುದೆ? ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸೆಸಾರ್ ಡೆ ಲಾ ಫ್ವೆಂಟೆ ಮತ್ತು ಸಂಗಡಿಗರು 2024ರಲ್ಲಿ 'ನೇಚರ್ ಬಯೋಮೆಡಿಕಲ್ ಎಂಜಿನಿಯರಿಂಗ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಹೌದೆನ್ನುತ್ತದೆ. ಅವರ ಕಂಪ್ಯೂಟರ್ ಒಂದು ಕೋಟಿಗೂ ಹೆಚ್ಚು ಪೆಪ್ಟೈಡ್‌ಗಳನ್ನು, ಅಂದರೆ ಪ್ರೋಟೀನಿನ ಪುಟ್ಟ ತುಣುಕುಗಳನ್ನು, ಜಾಲಾಡಿತು. ಅವುಗಳಲ್ಲಿ 37,176 ಬ್ಯಾಕ್ಟೀರಿಯ ನಾಶಕವಾಗಬಹುದೆಂದು ಊಹಿಸಿತು. ಪ್ರಯೋಗಾಲಯದಲ್ಲಿ ತಯಾರಿಸಿ ಪರೀಕ್ಷಿಸಿದ್ದು 69. ಮ್ಯಾಮತ್ ಮೂಲದ ಮ್ಯಾಮುಥುಸಿನ್-2 ಸೇರಿದಂತೆ ಕೆಲವು ಇಲಿಗಳ ಚರ್ಮ ಅಥವಾ ತೊಡೆಯ ಸೋಂಕನ್ನು ತಗ್ಗಿಸಿದವು.

ಊಹೆಗೆ ನಿಲ್ಲದೆ ಪ್ರಯೋಗಕ್ಕೆ ಇಳಿದದ್ದು ಈ ಸಂಶೋಧನೆಯ ಹಿರಿಮೆ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತೂಗಬೇಕು. ಇಂಥ ತುಣುಕುಗಳು ಬ್ಯಾಕ್ಟೀರಿಯವನ್ನು ತಡೆಯಬಲ್ಲವು ಎಂಬುದನ್ನು ಪ್ರಯೋಗ ತೋರಿಸಿದೆ. ಮ್ಯಾಮತ್ ಇವನ್ನು ತನ್ನ ರಕ್ಷಣೆಗೆ ಬಳಸುತ್ತಿತ್ತು ಎಂಬುದನ್ನು ಅದು ತೋರಿಸುವುದಿಲ್ಲ. ಪ್ರೋಟೀನಿನ ಸರಣಿಯನ್ನು ಇಲ್ಲಿ ತುಂಡರಿಸಿದ್ದು ಕಂಪ್ಯೂಟರ್. ಹಾಗಾಗಿ 'ವಿಕಾಸವೇ ಪರೀಕ್ಷಿಸಿಕೊಟ್ಟ ಔಷಧ' ಎಂಬ ವರ್ಣನೆ ಸಲ್ಲದು.

ಮುಂದಿನ ದಾರಿಯೂ ದೀರ್ಘ. ದೇಹದ ಕಿಣ್ವಗಳು ಪೆಪ್ಟೈಡ್‌ಗಳನ್ನು ಬೇಗ ಒಡೆಯಬಲ್ಲವು. ಇಲಿಯಲ್ಲಿ ಫಲಿಸಿದ್ದು ಮನುಷ್ಯರಿಗೆ ಸುರಕ್ಷಿತವೇ ಎಂಬುದಕ್ಕೆ ಪ್ರತ್ಯೇಕ ಪರೀಕ್ಷೆಗಳು ಬೇಕು.

ಇಂಥ ಸುದ್ದಿಯನ್ನು ತರಗತಿಯಲ್ಲಿ ಚರ್ಚಿಸುವಾಗ ವಿದ್ಯಾರ್ಥಿಗಳನ್ನು ಹೀಗೆ ಕೇಳಿ: ಇದರಲ್ಲಿ ಯಾವ ಸಂಖ್ಯೆ ಊಹೆಯದು, ಯಾವುದು ಅಳತೆಯದು?