ಕರಿದ ಎಣ್ಣೆ ಸೋಸುವ ಸೇವೆ: ಅದರ ಬೆಲೆ, ಅದರ ಮಿತಿ

ಹೋಟೆಲಿನ ಅಡುಗೆಮನೆಗೇ ಬಂದು ಕರಿಯುವ ಎಣ್ಣೆಯನ್ನು ಸೋಸಿಕೊಡುವುದು ಈಗ ಪ್ರತ್ಯೇಕ ಉದ್ಯಮ. 1996ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಫಿಲ್ಟಾ ಸಂಸ್ಥೆ ಇದನ್ನು ಫ್ರಾಂಚೈಸಿಗಳ ಮೂಲಕ ಅಮೆರಿಕಕ್ಕೂ ಒಯ್ದಿತು. ಗಾಲಿಯ ಮೇಲಿನ ಯಂತ್ರವು ಫ್ರೈಯರಿನ ಎಣ್ಣೆಯನ್ನು ಹೀರಿ ಸೋಸುತ್ತದೆ. ತೊಟ್ಟಿಗೆ ಅಂಟಿದ ಕರಕನ್ನು ಕೆಲಸಗಾರ ತೆಗೆದ ಮೇಲೆ ಎಣ್ಣೆ ಅಲ್ಲಿಗೇ ಮರಳುತ್ತದೆ. ತಳದಲ್ಲಿ ಉಳಿಯುವ ಹಿಟ್ಟಿನ ಚೂರುಗಳು ಪದೇ ಪದೇ ಸುಟ್ಟು ಎಣ್ಣೆಯನ್ನು ಬೇಗ ಕೆಡಿಸುವುದರಿಂದ ಈ ಕೆಲಸಕ್ಕೆ ನಿಜವಾದ ಬೆಲೆಯಿದೆ. ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ಭಾರತದಲ್ಲಂತೂ ಆ ಉಳಿತಾಯ ಸಣ್ಣದಲ್ಲ.

ಆದರೆ ಸೋಸಿದ್ದು ಹೊಸ ಎಣ್ಣೆಯಲ್ಲ. ತಿಂಡಿಯ ನೀರಿನಂಶ, ಗಾಳಿ ಮತ್ತು ಕಾವು ಸೇರಿ ಎಣ್ಣೆಯನ್ನು ಒಡೆದು ಧ್ರುವೀಯ ಸಂಯುಕ್ತಗಳನ್ನು ಹುಟ್ಟಿಸುತ್ತವೆ. ಎಣ್ಣೆಯಲ್ಲೇ ಕರಗಿರುವ ಇವನ್ನು ಕಾಗದದ ಫಿಲ್ಟರ್ ತಡೆಯಲಾರದು. ಮೆಗ್ನೀಸಿಯಂ ಸಿಲಿಕೇಟ್ ಪುಡಿ ಒಂದಷ್ಟನ್ನು ಹೀರಿಕೊಳ್ಳುತ್ತದೆ, ಎಲ್ಲವನ್ನೂ ಅಲ್ಲ. ಗಸಿ ಹೋಗಿ ಎಣ್ಣೆ ತಿಳಿಯಾದಾಗ ಅಡುಗೆಯವರು ಅದನ್ನು ಒಳ್ಳೆಯದೆಂದು ನಂಬಿಬಿಡುತ್ತಾರೆ. ಈ ಸೇವೆಯ ದೊಡ್ಡ ಅಪಾಯ ಇದೇ. 2018ರ ಜುಲೈ 1ರಿಂದ ಭಾರತದಲ್ಲಿ ಈ ಸಂಯುಕ್ತಗಳ ಪ್ರಮಾಣ ಶೇ 25 ಮೀರಿದ ಎಣ್ಣೆಯನ್ನು ಬಳಸುವಂತಿಲ್ಲ. ಕೈಯಲ್ಲಿ ಹಿಡಿಯುವ ಮೀಟರನ್ನು ಬಿಸಿ ಎಣ್ಣೆಯಲ್ಲಿ ಅದ್ದಿದರೆ ಪ್ರಮಾಣ ಗೊತ್ತಾಗುತ್ತದೆ. ಪ್ರತಿ ಭೇಟಿಯಲ್ಲೂ ಅಳೆದು ಬರೆದಿಡದ ಸೋಸುವಿಕೆಯನ್ನು ಆರೋಗ್ಯದ ಹೆಸರಿನಲ್ಲಿ ಮಾರುವುದು ಸರಿಯಲ್ಲ.

ಶುಲ್ಕದ ಲೆಕ್ಕವೂ ಇಲ್ಲಿ ಮುಖ್ಯ. ಎಣ್ಣೆ ಎಷ್ಟು ದಿನ ಬಾಳಿತು ಎಂಬುದರ ಮೇಲೆ ಹಣ ಪಡೆಯುವವರಿಗೆ ‘ಇದನ್ನು ಚೆಲ್ಲಿ’ ಎನ್ನುವುದು ನಷ್ಟದ ಮಾತು. ಪ್ರತಿ ಭೇಟಿಗೆ ನಿಗದಿತ ದರ ಪಡೆದು, ಕೆಟ್ಟ ಎಣ್ಣೆಯನ್ನೂ ಕೊಳ್ಳುವ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು. 2018ರ ಆಗಸ್ಟ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆರಂಭಿಸಿದ ‘ರುಕೋ’ ಯೋಜನೆಯಲ್ಲಿ ಇಂಥ ಎಣ್ಣೆ ಜೈವಿಕ ಡೀಸೆಲ್ ಆಗುತ್ತದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು 2019ರ ಮಾರ್ಚ್‌ನಿಂದ ಅದರ ದಾಖಲೆ ಇಡಬೇಕು, ಬಳಸಿದ್ದನ್ನು ಮಾನ್ಯತೆ ಪಡೆದ ಸಂಗ್ರಾಹಕರಿಗೇ ಕೊಡಬೇಕು. ಸೋಸುವವರೇ ಆ ಮಾನ್ಯತೆ ಪಡೆದರೆ ಎರಡೂ ಕೆಲಸ ಒಂದೇ ಭೇಟಿಯಲ್ಲಿ ಮುಗಿಯುತ್ತವೆ.

ವಿದೇಶದ ಮಾದರಿಯನ್ನು ಬೆಂಗಳೂರಿಗೆ ಹಾಗೆಯೇ ತಂದರೆ ನಡೆಯದು. ದರ್ಶಿನಿಗಳಲ್ಲಿ ವಡೆ, ಬೋಂಡ ಬೇಯುವುದು ತೆರೆದ ಬಾಣಲೆಯಲ್ಲಿ. ಹೀರುವ ಕೊಳವೆ ಅದಕ್ಕೆ ಹೊಂದಬೇಕು. ಯಂತ್ರದ ಕೊಳವೆಗಳಲ್ಲಿ ಪ್ರತಿ ಸಲವೂ ಸ್ವಲ್ಪ ಎಣ್ಣೆ ಉಳಿದುಬಿಡುತ್ತದೆ. ಮೀನು ಕರಿದ ಎಣ್ಣೆ ಹಾದ ಯಂತ್ರ ಶುದ್ಧ ಸಸ್ಯಾಹಾರಿ ಹೋಟೆಲಿಗೆ ಬಂದರೆ ಅಲ್ಲಿ ಉಣ್ಣುವವರ ನಂಬಿಕೆಗೆ ದ್ರೋಹವಾಗುತ್ತದೆ. ಆದ್ದರಿಂದ ಎರಡು ಬಗೆಯ ಅಡುಗೆಮನೆಗೂ ಬೇರೆ ಬೇರೆ ಯಂತ್ರ ಬೇಕು, ಆ ಖರ್ಚನ್ನು ಮೊದಲ ಬಂಡವಾಳದಲ್ಲೇ ಸೇರಿಸಿಕೊಳ್ಳಬೇಕು.