ತೂತು ಬಿದ್ದ ಚಕ್ರವರ್ತಿ

ರೋಮನ್ ಚಿನ್ನದ ನಾಣ್ಯವೆಂದು ಏನನ್ನಾದರೂ ಮೈಸೂರಿನ ಅಶೋಕ ರಸ್ತೆಯ ಅಂಗಡಿಗೆ ಒಯ್ದರೆ, ಚಿನಿವಾರರ ಕೈ ಮೊದಲು ಹೋಗುವುದು ಒರೆಗಲ್ಲಿಗೆ. ಬೇಡವೆನ್ನಿ. ಒರೆಗಲ್ಲಿಗೆ ಚಿನ್ನದ ಗುಣ ಗೊತ್ತೇ ಹೊರತು ಅದರ ವಯಸ್ಸು ಗೊತ್ತಿಲ್ಲ. ಮೇಲಾಗಿ, ಉಜ್ಜಿದ ಗುರುತು ನಾಣ್ಯದ ಮೇಲೆ ಶಾಶ್ವತವಾಗಿ ಉಳಿಯುತ್ತದೆ.

ತಕ್ಕಡಿ ಕೇಳಿ. ಆಗಸ್ಟಸ್ ಕಾಲದ ಚಿನ್ನದ ನಾಣ್ಯ ಆರಿಯಸ್ 8 ಗ್ರಾಂಗೆ ತುಸು ಕಡಿಮೆ. ಕ್ರಿ.ಶ. 64ರ ಸುಮಾರಿಗೆ ನೀರೋ ಒಂದು ರೋಮನ್ ಪೌಂಡ್ ಚಿನ್ನದಲ್ಲಿ 45 ನಾಣ್ಯ ಅಚ್ಚು ಹಾಕಿಸಿದ್ದರಿಂದ ತೂಕ 7.3 ಗ್ರಾಂ ಆಸುಪಾಸಿಗೆ ಇಳಿಯಿತು. ನಾಲ್ಕನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಪೌಂಡಿಗೆ 72ರಂತೆ ತಂದದ್ದು ಸಾಲಿಡಸ್, ಸುಮಾರು 4.5 ಗ್ರಾಂ. ಐದೂವರೆ ಗ್ರಾಂ ತೂಗುವ ‘ನೀರೋ’ ಎದುರಾದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ನಮ್ಮ ಸೀಮೆಯಲ್ಲಿ ರೋಮ್ ಎಂದರೆ ಹೆಚ್ಚಾಗಿ ಬೆಳ್ಳಿ. ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ ನಿಧಿಯಲ್ಲೂ, 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ಬಳಿ ಸಿಕ್ಕದ್ದರಲ್ಲೂ ಇದ್ದದ್ದು ದಿನೇರಿಯಸ್ ಎಂಬ ಬೆಳ್ಳಿ ನಾಣ್ಯಗಳು. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆಸಿದ ಚಂದ್ರವಳ್ಳಿ ಕೊಟ್ಟದ್ದೂ ಆಗಸ್ಟಸ್, ತಿಬೇರಿಯಸರ ಬೆಳ್ಳಿಯನ್ನೇ. ಚಿನ್ನ ನೋಡಬೇಕೆಂದರೆ ಹಾನಗಲ್ ಕಡೆಯ ಅಕ್ಕಿಆಲೂರನ್ನು ನೆನೆಯಬೇಕು. ಅಲ್ಲಿನ ನಿಧಿಯಲ್ಲಿ ಐದು-ಆರನೇ ಶತಮಾನದ ಸಾಲಿಡಸ್‌ಗಳಿದ್ದವು. ಆಗ ಬನವಾಸಿಯಲ್ಲಿ ಕದಂಬರ ಆಳ್ವಿಕೆ.

ಆ ಕಾಲದ ಸಾಲಿಡಸ್‌ನಲ್ಲಿ ಶಿರಸ್ತ್ರಾಣ ತೊಟ್ಟ ಚಕ್ರವರ್ತಿ ಮುಕ್ಕಾಲು ಮುಖ ನಮ್ಮತ್ತ ತಿರುಗಿಸಿರುತ್ತಾನೆ. ಹೆಗಲ ಮೇಲೆ ಈಟಿ. ಹಿಂಬದಿಯಲ್ಲಿ ಉದ್ದನೆಯ ಶಿಲುಬೆ ಹಿಡಿದ ವಿಜಯದೇವತೆ, ಅವಳ ಕಾಲಡಿ ‘ಕೊನಾಬ್’ ಎಂಬ ಅಕ್ಷರಗಳು: ಕಾನ್‌ಸ್ಟಾಂಟಿನೋಪಲಿನ ಅಪ್ಪಟ ಚಿನ್ನವೆಂಬ ಖಾತ್ರಿ. ಅಕ್ಷರಗಳು ಅರ್ಥವಿಲ್ಲದ ಗೀಟುಗಳಾಗಿದ್ದರೆ ತಕ್ಷಣ ‘ನಕಲಿ’ ಎಂದು ಎತ್ತಿಡಬೇಡಿ. ಲ್ಯಾಟಿನ್ ಬಾರದ ನಮ್ಮವರೇ ಆ ಕಾಲದಲ್ಲಿ ಇಂಥವನ್ನು ಮಾಡಿದ್ದುಂಟು, ಅವೂ ಪುರಾತನವೇ. ಇಂದಿನ ಖೋಟಾ ನಾಣ್ಯದ ಗುರುತು ಬೇರೆ: ಎರಕದ ಸಣ್ಣ ಗುಳಿಗಳು, ಅಂಚಿನಲ್ಲಿ ಅರದಿಂದ ಉಜ್ಜಿ ಮರೆಸಿದ ಕೂಡುಗೆರೆ.

ಕಡೆಗೆ ತೂತು. ದಕ್ಷಿಣ ಭಾರತದ ಸಾಲಿಡಸ್‌ಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಅಕ್ಕಪಕ್ಕ ಎರಡು ತೂತು ಕಾಣುವುದುಂಟು. ಕಾಸಿನ ಸರ ಕಂಡ ನಮಗೆ ಅದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಈ ನಾಣ್ಯಗಳ ಎರಡು ಬದಿಗಳು ಸಾಮಾನ್ಯವಾಗಿ ಒಂದಕ್ಕೊಂದು ತಲೆಕೆಳಗು. ಹಾಗಾಗಿ ದಾರ ಪೋಣಿಸಿದರೆ ಚಕ್ರವರ್ತಿ ನೆಟ್ಟಗೆ, ವಿಜಯದೇವತೆ ತಲೆಕೆಳಗು. ತೊಟ್ಟವರು ಯಾವ ಮುಖವನ್ನು ಲೋಕಕ್ಕೆ ತೋರಿಸಿದರೆಂಬುದು ಅಲ್ಲೇ ಸಿಗುತ್ತದೆ. ಭೂತಗನ್ನಡಿಯಲ್ಲಿ ತೂತಿನ ಅಂಚು ನೋಡಿ: ಬಹುಕಾಲ ತೊಟ್ಟಿದ್ದರೆ ಅದು ಸವೆದು ನುಣುಪಾಗಿರುತ್ತದೆ, ನಿನ್ನೆ ಕೊರೆದದ್ದು ಚೂಪಾಗಿಯೇ ಇರುತ್ತದೆ.

ಹರಾಜಿನ ಮಾರುಕಟ್ಟೆಯಲ್ಲಿ ತೂತು ಬಿದ್ದ ನಾಣ್ಯಕ್ಕೆ ಬೆಲೆ ಇಳಿಯುತ್ತದೆ. ನನ್ನ ಲೆಕ್ಕ ತಿರುವುಮುರುವು: ಅಚ್ಚು ಮೂಡಿಸಿದವರು ಕಾನ್‌ಸ್ಟಾಂಟಿನೋಪಲಿನವರು, ತೂತು ಕೊರೆದವರು ನಮ್ಮವರು, ಕರ್ನಾಟಕದ ಚರಿತ್ರೆಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳ ಸಾಕ್ಷ್ಯ. ಆದ್ದರಿಂದ ತೂತು ಮುಚ್ಚಿಸಬೇಡಿ, ಮೆರುಗು ಹಾಕಿಸಬೇಡಿ. ನೆಲದಲ್ಲಿ ಸಿಕ್ಕಿದ್ದಾದರೆ ಮನೆಯಲ್ಲೂ ಇಟ್ಟುಕೊಳ್ಳಬೇಡಿ. ನಿಧಿಯ ಸುದ್ದಿಯನ್ನು ಜಿಲ್ಲಾಡಳಿತಕ್ಕೆ ಮುಟ್ಟಿಸಬೇಕೆನ್ನುತ್ತದೆ ಕಾನೂನು.